ಸಂತೆಯ ನಂಬಿಕೆಯೇ ಸಂಘದ ಬಂಡವಾಳ

(ಉತ್ತರ ಕರ್ನಾಟಕದ ಪಟ್ಟಣವೊಂದರಲ್ಲಿ ಕುರಿ-ಮೇಕೆ ವರ್ತಕರ ಸಂಘವನ್ನು ಬಲಪಡಿಸುವ ಬಗ್ಗೆ ಚರ್ಚಿಸಲು ಕರೆದಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



 

ಸಭೆಯ ಕರೆಪತ್ರದಲ್ಲಿ ‘ನಮ್ಮ ಸಂಘವನ್ನು ಬಲಪಡಿಸೋಣ’ ಎಂದು ಬರೆಯಲಾಗಿದೆ. ಒಳ್ಳೆಯ ಮಾತು. ಆದರೆ ‘ನಮ್ಮ’ ಎಂಬ ಈ ಪದದೊಳಗೆ ಯಾರೆಲ್ಲ ಸೇರಿದ್ದಾರೆ ಎಂಬ ಪ್ರಶ್ನೆಯನ್ನು ನಾವು ಮೊದಲು ಕೇಳಿಕೊಳ್ಳಬೇಕು. ನಾನು ಈ ಸಭಾಂಗಣಕ್ಕೆ ಕಾಲಿಟ್ಟಾಗ ವರ್ತಕರು ಮುಂದಿನ ಕುರ್ಚಿಗಳಲ್ಲಿದ್ದರು, ದಲ್ಲಾಳಿಗಳು ಅವರ ಪಕ್ಕದಲ್ಲಿದ್ದರು, ಕುರಿ ಸಾಕಿ ತಂದು ಮಾರುವವರು ಬಾಗಿಲ ಬಳಿ ನಿಂತಿದ್ದರು. ಯಾರೂ ಅವರನ್ನು ತಡೆದಿರಲಿಲ್ಲ, ನಿಜ. ಆದರೆ ಯಾರೂ ಅವರನ್ನು ಒಳಗೆ ಕರೆದಿರಲೂ ಇಲ್ಲ. ನಾನು ಇಂದು ಹೇಳಬೇಕೆಂದಿರುವುದೆಲ್ಲ ಇದೇ ದೃಶ್ಯಕ್ಕೆ ಸಂಬಂಧಿಸಿದ್ದು.

ನನ್ನ ಮನೆಯ ಒಂದು ಲೆಕ್ಕ

ನಾನು ಕುರಿ ವ್ಯಾಪಾರಿಯ ಮಗ. ನನ್ನ ತಂದೆ ಮೂವತ್ತಕ್ಕೂ ಹೆಚ್ಚು ವರ್ಷ ಸಂತೆಯಿಂದ ಸಂತೆಗೆ ತಿರುಗಿದವರು. ಅವರಿಗೆ ಅಕ್ಷರ ಬರುತ್ತಿತ್ತು, ಆದರೆ ಲೆಕ್ಕ ಬರೆಯುವ ಅಭ್ಯಾಸವಿರಲಿಲ್ಲ. ಎಲ್ಲವೂ ತಲೆಯಲ್ಲಿತ್ತು. ಯಾವ ಹಟ್ಟಿಯವರಿಂದ ಎಷ್ಟು ಟಗರು ತಂದದ್ದು, ಎಷ್ಟು ಕೊಟ್ಟದ್ದು, ಎಷ್ಟು ಉದ್ರಿ ಉಳಿದದ್ದು ಎಲ್ಲವನ್ನೂ ಬಾಯಿಪಾಠದಂತೆ ಹೇಳುತ್ತಿದ್ದರು. ಕುರಿಗಾಹಿಗಳೂ ಅವರನ್ನು ನಂಬಿದ್ದರು. ‘ಸಾಬರ ಮಾತು ಅಂದರ ಮಾತು’ ಎನ್ನುತ್ತಿದ್ದರು.

ಒಂದು ದಿನ ಫಜ್ರ್ ನಮಾಝ್ ಮುಗಿಸಿ ಬಂದು ಕುಳಿತವರು ಮತ್ತೆ ಏಳಲಿಲ್ಲ. ಜನಾಝ ಎತ್ತುವ ಮೊದಲು ಸಂಪ್ರದಾಯದಂತೆ ಅಣ್ಣನು ನಿಂತು, ಇವರಿಂದ ಯಾರಿಗಾದರೂ ಹಣ ಬರಬೇಕಿದ್ದರೆ ನಮಗೆ ತಿಳಿಸಿರಿ, ನಾವು ತೀರಿಸುತ್ತೇವೆ ಎಂದು ಘೋಷಿಸಿದನು. ಆದರೆ ಆ ಘೋಷಣೆ ಯಾರ ಕಿವಿಗೆ ಬಿತ್ತು? ಊರಿನವರ ಕಿವಿಗೆ. ಹಣ ಬರಬೇಕಾಗಿದ್ದವರು ಆ ಹೊತ್ತಿನಲ್ಲಿ ಹಿಂಡಿನೊಂದಿಗೆ ಮೇವು ಹುಡುಕಿಕೊಂಡು ನದಿ ದಾಟಿ ಬೇರೆ ಜಿಲ್ಲೆಯ ಹೊಲಗಳಲ್ಲಿದ್ದರು.

ಮುಂದಿನ ತಿಂಗಳುಗಳಲ್ಲಿ ಇಬ್ಬರು ಕುರಿಗಾಹಿಗಳು ಮನೆಗೆ ಬಂದರು. ಅವರು ಹೇಳಿದ ಮೊತ್ತವನ್ನೇ ನಂಬಿ ಕೊಟ್ಟೆವು. ಬಾರದೆ ಉಳಿದವರು ಎಷ್ಟು ಮಂದಿ? ನನಗೆ ಇಂದಿಗೂ ಗೊತ್ತಿಲ್ಲ. ತಂದೆಯವರು ಮೋಸಗಾರರಾಗಿರಲಿಲ್ಲ. ಆದರೆ ಬರೆಯದ ಸಾಲವನ್ನು ಬಿಟ್ಟು ಹೋದರು, ಆ ಭಾರ ಅವರ ಮೇಲಿದೆಯೋ ನಮ್ಮ ಮೇಲಿದೆಯೋ ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ. ಸಾಲದ ವ್ಯವಹಾರವನ್ನು, ಅದು ಚಿಕ್ಕದಿರಲಿ ದೊಡ್ಡದಿರಲಿ, ಬರೆದಿಡಲು ಬೇಸರಪಡಬಾರದೆಂದು ಪವಿತ್ರ ಕುರ್‌ಆನ್ ತನ್ನ ಅತ್ಯಂತ ದೀರ್ಘವಾದ ಸೂಕ್ತದಲ್ಲಿ ಆದೇಶಿಸಿದೆ. ನಾವು ಆ ಸೂಕ್ತವನ್ನು ಓದುತ್ತೇವೆ. ಆದರೆ ಸಂತೆಗೆ ಹೋಗುವಾಗ ಪೆನ್ನನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ.

ಕುರಿ ಕಾಯುವುದಿಲ್ಲ

ಸಹೋದರರೇ, ಜಾನುವಾರು ವ್ಯಾಪಾರವು ಇತರ ವ್ಯಾಪಾರಗಳಂತಲ್ಲ. ಜೋಳದ ಬೆಲೆ ಕುಸಿದರೆ ರೈತನು ಚೀಲವನ್ನು ಮನೆಗೆ ಒಯ್ದು ಒಂದು ತಿಂಗಳು ಕಾಯಬಲ್ಲನು. ಕುರಿಯು ಕಾಯುವುದಿಲ್ಲ. ಹಲವು ಮೈಲಿ ನಡೆದು ಅಥವಾ ಟಂಟಂನಲ್ಲಿ ನಿಂತು ಬಂದ ಪ್ರಾಣಿಯು ಬಿಸಿಲಿನಲ್ಲಿ ನೀರಿಲ್ಲದೆ ನಿಂತಷ್ಟೂ ಸೊರಗುತ್ತದೆ, ತೂಕ ಇಳಿಯುತ್ತದೆ. ಮಾರಾಟವಾಗದಿದ್ದರೆ ಹಿಂದಕ್ಕೆ ಒಯ್ಯಲು ಮತ್ತೆ ಬಾಡಿಗೆ ಕೊಡಬೇಕು. ಕುರಿಗಾಹಿಯು ಸಂತೆಗೆ ಬಂದಿರುವುದೇ ಮಗಳ ಮದುವೆ, ಆಸ್ಪತ್ರೆಯ ಖರ್ಚು, ಶಾಲೆಯ ಶುಲ್ಕ ಇತ್ಯಾದಿ ತುರ್ತುಗಳಿಗಾಗಿ. ಆದ್ದರಿಂದ ಮಧ್ಯಾಹ್ನವಾದಂತೆ ಅವನ ಧೈರ್ಯ ಕುಗ್ಗುತ್ತದೆ, ಖರೀದಿದಾರನ ಧೈರ್ಯ ಹೆಚ್ಚುತ್ತದೆ.

ಇದು ನಮಗೆಲ್ಲ ಗೊತ್ತಿರುವ ಸತ್ಯ. ನಾಲ್ಕು ಮಂದಿ ಖರೀದಿದಾರರು ಬೆಳಿಗ್ಗೆಯೇ ಚಹಾದಂಗಡಿಯಲ್ಲಿ ಮಾತಾಡಿಕೊಂಡು, ಇಂದು ಇಷ್ಟಕ್ಕಿಂತ ಮೇಲೆ ಹೋಗಬಾರದೆಂದು ತೀರ್ಮಾನಿಸುವುದೂ ನಮಗೆ ಗೊತ್ತು. ಖರೀದಿಸುವ ಇರಾದೆಯೇ ಇಲ್ಲದವನೊಬ್ಬ ಬಂದು ಕಡಿಮೆ ಬೆಲೆ ಕೇಳಿ ಹೋಗುತ್ತಾನೆ. ಅವನ ನಂತರ ಬಂದವನು ಅದಕ್ಕಿಂತ ನೂರು ರೂಪಾಯಿ ಹೆಚ್ಚು ಹೇಳಿ ದಯಾಳುವಿನಂತೆ ತೋರುತ್ತಾನೆ. ಸಂತೆಗೆ ಇನ್ನೂ ಎರಡು ಮೈಲಿ ಇರುವಾಗಲೇ ದಾರಿಯಲ್ಲಿ ಹಿಂಡನ್ನು ನಿಲ್ಲಿಸಿ, ಇಂದು ಸಂತೆಯಲ್ಲಿ ಬೆಲೆಯೇ ಇಲ್ಲವೆಂದು ಹೇಳಿ ಖರೀದಿಸುವವರೂ ಇದ್ದಾರೆ.

ಇವು ಹೊಸ ಚಾಳಿಗಳೆಂದು ಭಾವಿಸಬೇಡಿರಿ. ಹದಿನಾಲ್ಕು ಶತಮಾನಗಳ ಹಿಂದೆ ಮದೀನಾದ ಮಾರುಕಟ್ಟೆಯಲ್ಲಿಯೂ ಇವೇ ಚಾಳಿಗಳಿದ್ದವು. ಸರಕು ತರುವವರನ್ನು ಮಾರುಕಟ್ಟೆ ತಲುಪುವ ಮೊದಲೇ ದಾರಿಯಲ್ಲಿ ಎದುರುಗೊಂಡು ಖರೀದಿಸುವುದನ್ನು ಪ್ರವಾದಿ ಮುಹಮ್ಮದ್(ಸ) ನಿಷೇಧಿಸಿದರು. ಕೊಳ್ಳುವ ಉದ್ದೇಶವಿಲ್ಲದೆ ಇನ್ನೊಬ್ಬನನ್ನು ವಂಚಿಸಲು ಸುಳ್ಳು ಬೆಲೆ ಕೂಗುವುದನ್ನು ನಿಷೇಧಿಸಿದರು. ಹಾಲು ತುಂಬಿರುವಂತೆ ತೋರಿಸಲು ಕುರಿ ಮತ್ತು ಒಂಟೆಯ ಕೆಚ್ಚಲನ್ನು ಕರೆಯದೆ ಬಿಟ್ಟು ಮಾರುವುದನ್ನು ನಿಷೇಧಿಸಿದರು, ಹಾಗೆ ಮೋಸಹೋದವನಿಗೆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕನ್ನೂ ನೀಡಿದರು. ಮರುಭೂಮಿಯಿಂದ ಬರುವ ಪಶುಪಾಲಕನ ಪರವಾಗಿ ನಗರವಾಸಿಯು ಮಧ್ಯವರ್ತಿಯಾಗಿ ನಿಂತು ಮಾರುವ ಬಗ್ಗೆಯೂ ಎಚ್ಚರಿಸಿದರು. ಈ ನಾಲ್ಕೂ ಆದೇಶಗಳನ್ನು ಒಟ್ಟಿಗೆ ಇಟ್ಟು ನೋಡಿರಿ. ಇವುಗಳ ಕೇಂದ್ರದಲ್ಲಿರುವುದು ಮಾಹಿತಿಯ ಅಸಮಾನತೆ. ಸಂತೆಯ ಬೆಲೆ ತಿಳಿದವನು ತಿಳಿಯದವನನ್ನು ಸುಲಿಯಬಾರದು ಎಂಬುದೇ ಇವುಗಳ ಸಾರ. ಸ್ವತಃ ಮಕ್ಕಾದಲ್ಲಿ ಕುರಿ ಕಾಯ್ದಿದ್ದ, ಬಳಿಕ ವರ್ತಕರೂ ಆಗಿದ್ದ ಪ್ರವಾದಿಯವರಿಗೆ(ಸ) ಸಂತೆಯ ಎರಡೂ ಬದಿಗಳು ತಿಳಿದಿದ್ದವು.

ದೂರದ ಒಂದು ಕನ್ನಡಿ

ಪಶುಪಾಲಕರ ಸಂತೆಗಳಲ್ಲಿ ವರ್ತಕರ ಸಂಘವನ್ನು ಕಟ್ಟುವ ಪ್ರಶ್ನೆ ನಮ್ಮದು ಮಾತ್ರವಲ್ಲ. ಆಫ್ರಿಕಾ ಖಂಡದ ಪೂರ್ವ ಅಂಚಿನಲ್ಲಿರುವ ಸೊಮಾಲಿಯ, ಇಥಿಯೋಪಿಯ ಮತ್ತು ಉತ್ತರ ಕೀನ್ಯಾದಲ್ಲಿ ಲಕ್ಷಾಂತರ ಜನರು ಕುರಿ, ಮೇಕೆ, ದನ ಹಾಗೂ ಒಂಟೆಗಳನ್ನು ಮೇಯಿಸಿಯೇ ಬದುಕುತ್ತಾರೆ. ಅಲ್ಲಿನ ಸಂತೆಯ ಚಿತ್ರವನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಸೊಮಾಲಿಗಳು ಮಧ್ಯವರ್ತಿಯನ್ನು ‘ದಿಲಾಲ್’ ಎನ್ನುತ್ತಾರೆ. ನಮ್ಮ ‘ದಲ್ಲಾಳಿ’ ಮತ್ತು ಅವರ ‘ದಿಲಾಲ್’ ಎರಡೂ ಒಂದೇ ಅರಬೀ ಮೂಲದಿಂದ ಬಂದವುಗಳು. ಅಲ್ಲಿಯೂ ವರ್ತಕನು ಬಟ್ಟೆಯ ಮರೆಯಲ್ಲಿ ಎದುರಿನವನ ಬೆರಳುಗಳನ್ನು ಹಿಡಿದು ಬೆಲೆ ಹೇಳುತ್ತಾನೆ. ನಮ್ಮ ಸಂತೆಗಳಲ್ಲಿ ಟವೆಲಿನ ಕೆಳಗೆ ನಡೆಯುವುದೂ ಇದೇ. ಸಂತೆ ಒಂದೇ, ದಲ್ಲಾಳಿ ಒಬ್ಬನೇ, ಗುಟ್ಟೂ ಒಂದೇ. ಹಾಗಿರುವಾಗ ಅವರ ಅನುಭವದಿಂದ ನಾವು ಕಲಿಯಬಹುದು.

ಮೊದಲನೆಯ ಪಾಠ, ಒಂಟಿ ವರ್ತಕನ ಅಸಹಾಯಕತೆ. 2000ದಲ್ಲಿ ಸೌದಿ ಅರೇಬಿಯ ಮತ್ತು ಯಮನ್‌ನಲ್ಲಿ ರಿಫ್ಟ್ ವ್ಯಾಲಿ ಜ್ವರ ಕಾಣಿಸಿಕೊಂಡಿತು. ಜಾನುವಾರುಗಳಿಂದ ಮನುಷ್ಯರಿಗೂ ಹರಡುವ ರೋಗವಿದು. ಸೌದಿ ಸರಕಾರವು ಆಫ್ರಿಕದ ಈ ಭಾಗದಿಂದ ಜಾನುವಾರು ಆಮದನ್ನು ನಿಲ್ಲಿಸಿತು. ಆ ನಿಷೇಧ ತೆರವಾದದ್ದು 2009ರಲ್ಲಿ. ಹಜ್ಜ್ ಕಾಲದ ಬೇಡಿಕೆಯನ್ನೇ ನಂಬಿ, ಬರ್ಬೆರಾ ಬಂದರಿನ ಮೂಲಕ ಕುರಿ-ಮೇಕೆ ಕಳುಹಿಸುತ್ತಿದ್ದ ಕುಟುಂಬಗಳು ಹೆಚ್ಚುಕಡಿಮೆ ಒಂಬತ್ತು ವರ್ಷ ತಮ್ಮ ಅತಿ ದೊಡ್ಡ ಮಾರುಕಟ್ಟೆಯನ್ನು ಕಳೆದುಕೊಂಡವು. ತಮ್ಮ ಹಿಂಡಿಗೆ ರೋಗವಿಲ್ಲವೆಂದು ಕುರಿಗಾಹಿಯೊಬ್ಬನು ಎಷ್ಟು ಆಣೆ ಮಾಡಿದರೂ ಅದಕ್ಕೆ ಬೆಲೆಯಿರಲಿಲ್ಲ. ಬೇಕಾಗಿದ್ದುದು ಪರೀಕ್ಷೆ, ಪ್ರತ್ಯೇಕಿಸಿ ಇಡುವ ತಾಣ ಮತ್ತು ಪ್ರಮಾಣಪತ್ರ. ಆ ವ್ಯವಸ್ಥೆ ಬಂದ ಬಳಿಕ ವ್ಯಾಪಾರ ಚೇತರಿಸಿತು. 2014ರಲ್ಲಿ ಸೊಮಾಲಿಯದಿಂದ ಸುಮಾರು 50 ಲಕ್ಷ ಜಾನುವಾರುಗಳು ರಫ್ತಾದವೆಂದೂ, ಅವುಗಳಲ್ಲಿ 46 ಲಕ್ಷ ಕುರಿ-ಮೇಕೆಗಳೆಂದೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತಿಳಿಸಿತು. ಒಬ್ಬನ ಆಣೆಯು ಸಾಧಿಸದ್ದನ್ನು ಒಂದು ವ್ಯವಸ್ಥೆಯ ಕಾಗದ ಸಾಧಿಸಿತು.

ಎರಡನೆಯ ಪಾಠ ಉತ್ತರ ಕೀನ್ಯಾದ್ದು. ಇಸಿಯೊಲೊ, ಸಂಬುರು, ಮಾರ್ಸಾಬಿಟ್ ಮುಂತಾದ ಒಣ ಪ್ರದೇಶಗಳ ಸಂತೆಗಳಲ್ಲಿ ಸ್ಥಳೀಯ ಆಡಳಿತವು ತಲೆಗಿಷ್ಟೆಂದು ಕರ ವಸೂಲಿ ಮಾಡುತ್ತಿತ್ತು. ಬದಲಿಗೆ ನೀರು, ನೆರಳು, ಬೇಲಿ ಯಾವುದೂ ಇರುತ್ತಿರಲಿಲ್ಲ. ಅಲ್ಲಿ ಜಾನುವಾರು ಮಾರುಕಟ್ಟೆ ಸಂಘಗಳು ರೂಪುಗೊಂಡವು. ಕರ ಕೊಡುವುದಿಲ್ಲವೆಂದು ಅವು ಹಟ ಹಿಡಿಯಲಿಲ್ಲ. ಸಂತೆಯನ್ನು ಆಡಳಿತದೊಂದಿಗೆ ಸೇರಿ ನಾವು ನಡೆಸುತ್ತೇವೆ, ಕರ ಸೋರದಂತೆ ನೋಡಿಕೊಳ್ಳುತ್ತೇವೆ, ಅದರಲ್ಲಿ ಒಂದು ಪಾಲು ಸಂತೆಯ ನಿರ್ವಹಣೆಗೆ ಉಳಿಯಲಿ ಎಂದವು. ಹಲವೆಡೆ ಈ ಒಪ್ಪಂದ ಕುದುರಿತು. ಈ ಸಂಘಗಳಲ್ಲಿ ವರ್ತಕರು ಮಾತ್ರವಲ್ಲ, ಪಶುಪಾಲಕರು, ದಲ್ಲಾಳಿಗಳು, ಮಹಿಳೆಯರು ಎಲ್ಲರಿಗೂ ಸ್ಥಾನವಿತ್ತು. ಸಂಘವು ಕೆಲವೇ ದಲ್ಲಾಳಿಗಳ ಕೈವಶವಾದ ಕಡೆ, ಅಥವಾ ಹೊರಗಿನ ಯೋಜನೆಯ ಹಣದಿಂದಲೇ ಬದುಕಿದ ಕಡೆ, ಅದು ಫಲಕವಾಗಿ ಮಾತ್ರ ಉಳಿಯಿತು.

ಮೂರನೆಯ ಪಾಠವು ಬರಗಾಲದ್ದು. 2006ರಲ್ಲಿ ದಕ್ಷಿಣ ಇಥಿಯೋಪಿಯದ ಮೊಯಾಲೆ ಪ್ರದೇಶದಲ್ಲಿ ಭೀಕರ ಬರ ಬಂದಾಗ, ದನಗಳು ಸತ್ತ ಮೇಲೆ ಪರಿಹಾರ ಕೊಡುವ ಬದಲು ಸಾಯುವ ಮೊದಲೇ ಅವುಗಳನ್ನು ಕೊಳ್ಳುವವರನ್ನು ಕರೆತರುವ ಪ್ರಯತ್ನ ನಡೆಯಿತು. ಇಬ್ಬರು ವರ್ತಕರಿಗೆ ತಲಾ 25 ಸಾವಿರ ಡಾಲರ್ ಸಾಲ ನೀಡಲಾಯಿತು. ಅಂದಾಜು 20 ಸಾವಿರ ದನಗಳು ಮಾರಾಟವಾದವು. ಸಾಲವಾಗಿ ಬಂದದ್ದು 50 ಸಾವಿರ ಡಾಲರ್, ಪಶುಪಾಲಕರ ಕೈಗೆ ತಲುಪಿದ್ದು ಸುಮಾರು 10 ಲಕ್ಷ ಡಾಲರ್. ಆ ಹಣದಿಂದ ಕುಟುಂಬಗಳು ಆಹಾರ ಕೊಂಡವು, ಉಳಿದ ದನಗಳಿಗೆ ಮೇವು ಕೊಂಡವು. ವರ್ತಕನನ್ನು ಸುಲಿಗೆಕೋರನೆಂದೇ ಕಾಣುವವರು ಈ ಉದಾಹರಣೆಯನ್ನು ಗಮನಿಸಬೇಕು. ಸಕಾಲದಲ್ಲಿ ನ್ಯಾಯವಾದ ಬೆಲೆಗೆ ಕೊಳ್ಳುವ ವರ್ತಕನು ಬರಗಾಲದಲ್ಲಿ ಒಂದು ಪರಿಹಾರ ಕೇಂದ್ರಕ್ಕೆ ಸಮಾನ.

ನಮ್ಮಲ್ಲಿಯೂ 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಆ ವರ್ಷ ಮೇವಿಲ್ಲದೆ ಸಂತೆಗೆ ಬಂದ ಹಿಂಡುಗಳನ್ನು ನಾವು ಯಾವ ಬೆಲೆಗೆ ಕೊಂಡೆವು? ಉತ್ತರವನ್ನು ನನಗೆ ಹೇಳಬೇಕಾಗಿಲ್ಲ. ನಿಮ್ಮ ಮನಸ್ಸಾಕ್ಷಿಗೆ ಹೇಳಿಕೊಳ್ಳಿರಿ.

ಇಂದಿನ ವಾತಾವರಣ

ಈಗ ನಮ್ಮ ನಾಡಿನ ಪರಿಸ್ಥಿತಿಗೆ ಬರೋಣ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 1 ಕೋಟಿ 11 ಲಕ್ಷದಷ್ಟು ಕುರಿಗಳೂ 61 ಲಕ್ಷಕ್ಕೂ ಹೆಚ್ಚು ಮೇಕೆಗಳೂ ಇವೆ. ಇವುಗಳನ್ನು ಸಾಕುವವರಲ್ಲಿ ಕುರುಬ ಸಮುದಾಯದವರದ್ದು ದೊಡ್ಡ ಪಾಲು. ಕೊಂಡು ಸಾಗಿಸುವವರಲ್ಲಿ, ಮಾಂಸದಂಗಡಿ ನಡೆಸುವವರಲ್ಲಿ ಮುಸ್ಲಿಮರ ಸಂಖ್ಯೆ ಗಣನೀಯ. ಚರ್ಮದ ವ್ಯವಹಾರ, ಲಾರಿ, ಮೇವು, ಹೋಟೆಲು ಎಲ್ಲದರಲ್ಲೂ ಬೇರೆ ಬೇರೆ ಸಮುದಾಯಗಳ ಕೈಗಳಿವೆ. ದ್ವೇಷದ ರಾಜಕೀಯಕ್ಕೆ ಇಂತಹ ಸರಪಳಿ ಇಷ್ಟವಾಗುವುದಿಲ್ಲ.

2022ರ ಮಾರ್ಚ್ ತಿಂಗಳಲ್ಲಿ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶ ನೀಡಬಾರದೆಂಬ ಫಲಕಗಳು ರಾಜ್ಯದ ಹಲವೆಡೆ ಕಾಣಿಸಿಕೊಂಡವು. ಅದರ ಬೆನ್ನಿಗೇ, ಯುಗಾದಿಯ ಮರುದಿನದ ಹೊಸತೊಡಕಿಗೆ ಹಲಾಲ್ ಮಾಂಸವನ್ನು ಬಹಿಷ್ಕರಿಸಬೇಕೆಂಬ ಕರೆ ಬಂತು. ಕರೆ ಕೊಟ್ಟವರು ಮಾಂಸದಂಗಡಿಯನ್ನು ಮಾತ್ರ ಕಂಡರು. ಅಂಗಡಿಯ ಹಿಂದೆ ಇರುವ ಹಟ್ಟಿಯನ್ನು ಕಾಣಲಿಲ್ಲ. ಮುಸ್ಲಿಮನು ಕೊಳ್ಳದಿದ್ದರೆ ಕುರುಬನ ಟಗರು ಸಂತೆಯಲ್ಲಿ ಉಳಿಯುತ್ತದೆ ಎಂಬ ಸರಳ ಲೆಕ್ಕ ಅವರಿಗೆ ತಿಳಿಯಲಿಲ್ಲ, ಅಥವಾ ತಿಳಿಯುವುದು ಬೇಕಾಗಿರಲಿಲ್ಲ.

ದನಗಳ ವ್ಯಾಪಾರದ ವಿಷಯವಂತೂ ಇನ್ನೂ ಕಠಿಣ. 2020ರ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯು 2021ರಲ್ಲಿ ಜಾರಿಗೆ ಬಂದಾಗ, 13 ವರ್ಷ ದಾಟಿದ ಎಮ್ಮೆ-ಕೋಣಗಳನ್ನು ಹೊರತುಪಡಿಸಿ ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿತು. ಮೂರರಿಂದ ಏಳು ವರ್ಷಗಳ ಸೆರೆವಾಸ, 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡವನ್ನು ವಿಧಿಸಿತು. ಕುರಿ-ಮೇಕೆಗಳು ಈ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಆದರೆ ರಾತ್ರಿ ಹೊತ್ತು ವಾಹನವನ್ನು ಅಡ್ಡಗಟ್ಟುವ ಗುಂಪು ಕಾಯ್ದೆಯ ಕಲಮುಗಳನ್ನು ಓದಿಕೊಂಡು ಬಂದಿರುವುದಿಲ್ಲ. 2023ರ ಏಪ್ರಿಲ್ 1ರಂದು ರಾಮನಗರ ಜಿಲ್ಲೆಯ ಸಾತನೂರಿನ ಬಳಿ ಮಂಡ್ಯದ ದನದ ವ್ಯಾಪಾರಿಯೊಬ್ಬರ ಶವ ಪತ್ತೆಯಾಯಿತು. ಹಿಂದಿನ ರಾತ್ರಿ ಅವರ ವಾಹನವನ್ನು ತಡೆಯಲಾಗಿತ್ತು. ಖರೀದಿಯ ಕಾಗದಗಳಿವೆಯೆಂದು ಹೇಳಿದಾಗ ಹಣಕ್ಕೆ ಬೇಡಿಕೆ ಇಡಲಾಯಿತೆಂದು ಪೊಲೀಸರಿಗೆ ನೀಡಿದ ದೂರಿನಲ್ಲಿತ್ತು.

ಈ ಘಟನೆಯನ್ನು ನಾನು ಭೀತಿ ಹುಟ್ಟಿಸಲು ಹೇಳುತ್ತಿಲ್ಲ. ಕಾಗದ ಅಗತ್ಯ, ಆದರೆ ಕಾಗದವೊಂದೇ ಸಾಲದು ಎಂಬುದನ್ನು ಮನಗಾಣಿಸಲು ಹೇಳುತ್ತಿದ್ದೇನೆ. ಆ ಕಾಗದ ನಿಜವೆಂದು ನಡುರಾತ್ರಿಯಲ್ಲೂ ಹೇಳಬಲ್ಲ, ಠಾಣೆಗೆ ಫೋನ್ ಮಾಡಬಲ್ಲ, ಬೆಳಗಾಗುವಷ್ಟರಲ್ಲಿ ವಕೀಲರೊಂದಿಗೆ ಬಂದು ನಿಲ್ಲಬಲ್ಲ ಜನರಿರಬೇಕು. ಆ ಜನರ ಹೆಸರೇ ಸಂಘ. ಆ ಹೊತ್ತಿನಲ್ಲಿ, ‘ಈ ಕುರಿಗಳನ್ನು ಇವರಿಗೆ ಮಾರಿದವನು ನಾನೇ’ ಎಂದು ಒಬ್ಬ ಕುರಿಗಾಹಿಯು ಮುಂದೆ ಬಂದು ನುಡಿದರೆ, ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ? ಆದರೆ ಅವನು ಏಕೆ ಬರಬೇಕು? ಸಂತೆಯಲ್ಲಿ ನಾವು ಅವನನ್ನು ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಲ್ಲಿಸಿ, ಉದ್ರಿಗಾಗಿ ಮೂರು ತಿಂಗಳು ತಿರುಗಿಸಿದ್ದರೆ ಅವನೇಕೆ ಬರಬೇಕು?

ಸಂಘದ ಬಲವು ಸದಸ್ಯರ ಸಂಖ್ಯೆಯಲ್ಲಿಲ್ಲ, ಲೆಟರ್‌ಹೆಡ್‌ನಲ್ಲಿಲ್ಲ, ಶಾಸಕರೊಂದಿಗೆ ತೆಗೆಸಿಕೊಂಡ ಫೋಟೋದಲ್ಲೂ ಇಲ್ಲ. ಮಾರುವವನು ನಮ್ಮನ್ನು ಎಷ್ಟು ನಂಬುತ್ತಾನೋ ಅಷ್ಟೇ ನಮ್ಮ ಬಲ.

ಮಾಡಬೇಕಾದ ಕೆಲಸಗಳು

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ ಕೆಲವು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ನೋಂದಣಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ಈ ಏಳರಲ್ಲಿ ಕನಿಷ್ಠ ಇಬ್ಬರಾದರೂ ಕುರಿ ಸಾಕುವವರಿರಲಿ. ಇದನ್ನು ಒಂದು ಧರ್ಮದ ಸಂಘವನ್ನಾಗಿ ಮಾಡಬೇಡಿರಿ. ಮುಸ್ಲಿಮ್ ವರ್ತಕರ ಸಂಘವೆಂದು ಫಲಕ ಹಾಕಿದ ದಿನವೇ ನಾವು ಬಹಿಷ್ಕಾರ ಕೂಗುವವರ ಕೆಲಸವನ್ನು ಹಗುರಗೊಳಿಸಿದಂತಾಗುತ್ತದೆ. ಮನೆಯಂಗಳದಲ್ಲಿ ಎರಡು-ಮೂರು ಆಡು ಸಾಕಿ ಬಕ್ರೀದ್‌ಗೆ ಮಾರುವ ನಮ್ಮ ತಾಯಂದಿರು ಮತ್ತು ಸಹೋದರಿಯರೂ ಸದಸ್ಯರಾಗಲಿ. ಸಾಕುವ ಕೈ ಅವರದ್ದು, ಬೆಲೆ ಮಾತಾಡುವ ಬಾಯಿ ಮಾತ್ರ ನಮ್ಮದು ಎಂಬ ಪದ್ಧತಿ ನಿಲ್ಲಲಿ.

ಎರಡನೆಯದು ರಸೀದಿ ಪುಸ್ತಕ. ಮಾರಿದವನ ಹೆಸರು, ಕೊಂಡವನ ಹೆಸರು, ಪ್ರಾಣಿಗಳ ಸಂಖ್ಯೆ ಮತ್ತು ಗುರುತು, ಬೆಲೆ, ಕೊಟ್ಟ ಹಣ, ಉಳಿದ ಉದ್ರಿ, ತೀರಿಸುವ ದಿನಾಂಕ, ವಾಹನದ ಸಂಖ್ಯೆ ಇಷ್ಟೂ ಅದರಲ್ಲಿರಲಿ. ಮೂರು ಪ್ರತಿಗಳಿರಲಿ. ಒಂದು ಮಾರಿದವನಿಗೆ, ಒಂದು ಕೊಂಡವನಿಗೆ, ಒಂದು ಸಂಘಕ್ಕೆ. ಓದಲು ಬಾರದವನಿಗೆ ಸಂಘದ ಗುಮಾಸ್ತನು ಗಟ್ಟಿಯಾಗಿ ಓದಿ ಹೇಳಲಿ. ನನ್ನ ತಂದೆಯವರ ಕಾಲದಲ್ಲಿ ಇಂತಹ ಒಂದು ಪುಸ್ತಕ ಇದ್ದಿದ್ದರೆ, ನದಿಯಾಚೆ ಇದ್ದ ಆ ಕುರಿಗಾಹಿಗಳ ಹೆಸರು ನಮಗೆ ಗೊತ್ತಿರುತ್ತಿತ್ತು.

ಮೂರನೆಯದು ತಕ್ಕಡಿ. ಕಣ್ಣಂದಾಜಿನ ವ್ಯಾಪಾರದಲ್ಲಿ ಪಳಗಿದ ಕಣ್ಣು ಯಾವಾಗಲೂ ಕೊಳ್ಳುವವನದ್ದೇ. ವರ್ಷಕ್ಕೆ ಹತ್ತು ಟಗರು ಮಾರುವವನು ವಾರಕ್ಕೆ ನೂರು ಟಗರು ಕೊಳ್ಳುವವನ ಅಂದಾಜಿಗೆ ಸಾಟಿಯಾಗಲಾರನು. ಪ್ರಾಣಿಯನ್ನು ನಿಲ್ಲಿಸಿ ತೂಗುವ ಒಂದು ತೂಕದ ಯಂತ್ರವನ್ನು ಸಂಘವೇ ಸಂತೆಯಲ್ಲಿ ಇಡಲಿ. ಬೆಲೆಯನ್ನು ಟವೆಲಿನ ಕೆಳಗೆ ಮಾತಾಡಬೇಕೆನ್ನುವವರು ಮಾತಾಡಿಕೊಳ್ಳಲಿ, ಆದರೆ ತೂಕವು ಎಲ್ಲರಿಗೂ ಕಾಣಲಿ. ಹಿಂದಿನ ಸಂತೆಯಲ್ಲಿ ನಡೆದ ಬೆಲೆಯನ್ನು ಒಂದು ಹಲಗೆಯ ಮೇಲೆ ಬರೆದು ಬಾಗಿಲಲ್ಲಿ ತೂಗುಹಾಕಲಿ. ಅಳತೆ-ತೂಕದಲ್ಲಿ ವಂಚಿಸುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯ ಇದೆ ಎಂಬುದನ್ನು ನೆನಪಿಡಿರಿ.

ನಾಲ್ಕನೆಯದು ಉದ್ರಿಯ ಶಿಸ್ತು. ಉದ್ರಿ ಇಲ್ಲದೆ ಈ ವ್ಯಾಪಾರ ನಡೆಯುವುದಿಲ್ಲವೆಂದು ನನಗೆ ಗೊತ್ತು. ನಗರದ ಮಾಂಸದಂಗಡಿಯವನು ಮಾರಿದ ಮೇಲೆ ಲಾರಿಯವನಿಗೆ ಕೊಡುತ್ತಾನೆ, ಲಾರಿಯವನು ದಲ್ಲಾಳಿಗೆ, ದಲ್ಲಾಳಿಯು ಕುರಿಗಾಹಿಗೆ. ಇಡೀ ಸರಪಳಿಗೆ ಬಂಡವಾಳ ಒದಗಿಸುತ್ತಿರುವವನು ಯಾರು? ಎಲ್ಲರಿಗಿಂತ ಬಡವನಾದ ಕುರಿಗಾಹಿಯೇ! ಆದ್ದರಿಂದ ಉದ್ರಿಗೆ ಒಂದು ಗಡುವನ್ನು ಸಂಘ ನಿಗದಿಪಡಿಸಲಿ. ಪ್ರತಿ ಪ್ರಾಣಿಗೆ ಇಷ್ಟೆಂದು ಒಂದು ಸಣ್ಣ ಮೊತ್ತವನ್ನು ಖಾತರಿ ನಿಧಿಗೆ ಹಾಕೋಣ. ಸದಸ್ಯನು ಗಡುವು ಮೀರಿದರೆ ನಿಧಿಯಿಂದ ಕುರಿಗಾಹಿಗೆ ಹಣ ಸಲ್ಲಲಿ, ಬಳಿಕ ಸದಸ್ಯನಿಂದ ಸಂಘ ವಸೂಲಿ ಮಾಡಲಿ. ತೀರಿಸುವವರೆಗೆ ಅವನು ಸಂಘದ ರಸೀದಿಯ ಮೇಲೆ ಖರೀದಿಸುವಂತಿಲ್ಲ. ಇಂದು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಹಣ ಕಳುಹಿಸಬಹುದು. ನೆಟ್‌ವರ್ಕ್ ಇಲ್ಲವೆಂಬ ನೆಪ ಒಂದು ದಿನಕ್ಕೆ ಸರಿ, ಮೂರು ತಿಂಗಳಿಗಲ್ಲ.

ಐದನೆಯದು ಪ್ರಾಣಿಗಳ ಆರೋಗ್ಯ. ಪಿಪಿಆರ್ ಮುಂತಾದ ರೋಗಗಳು ಸಂತೆಯಿಂದಲೂ ಹಿಂಡುಗಳಿಗೆ ಹರಡುತ್ತವೆ. ಸಾಯಲಿರುವ ಕುರಿಯನ್ನು ಬೇಗ ಮಾರಿಬಿಡುವ ಕುರಿಗಾಹಿಯೂ, ಗೊತ್ತಿದ್ದೂ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ವರ್ತಕನೂ ಸಂತೆಯನ್ನೇ ಕೊಲ್ಲುತ್ತಿದ್ದಾರೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಜಿಲ್ಲೆ ಜಿಲ್ಲೆಗಳಲ್ಲಿ ದನದ ಸಂತೆಗಳು ಮುಚ್ಚಿದ್ದನ್ನು ನಾವು ಕಂಡಿದ್ದೇವೆ. ಸಂತೆಯ ದಿನ ಪಶುವೈದ್ಯರು ಬರುವಂತೆ ಸಂಘವು ಇಲಾಖೆಗೆ ಅರ್ಜಿ ಸಲ್ಲಿಸಲಿ. ರೋಗವಿರುವ ಪ್ರಾಣಿ ಬಾಗಿಲಲ್ಲೇ ನಿಲ್ಲಲಿ. ಸಾಗಣೆಗೆ ಬೇಕಾದ ಆರೋಗ್ಯ ಪ್ರಮಾಣಪತ್ರವೂ ಅಲ್ಲೇ ಸಿಗಲಿ.

ಆರನೆಯದು ಸಂತೆ ಕರದ ಲೆಕ್ಕ. ಗ್ರಾಮ ಪಂಚಾಯಿತಿ ಅಥವಾ ಪುರಸಭೆಯು ಸಂತೆಯ ಕರ ವಸೂಲಿಯನ್ನು ಹರಾಜು ಹಾಕುತ್ತದೆ. ಹರಾಜು ಹಿಡಿದವನು ತಲೆಗಿಷ್ಟೆಂದು ವಸೂಲಿ ಮಾಡುತ್ತಾನೆ. ಹರಾಜಿನಿಂದ ಬಂದ ಹಣದಲ್ಲಿ ಸಂತೆಗೆ ಎಷ್ಟು ಖರ್ಚಾಯಿತು? ನೀರಿನ ತೊಟ್ಟಿ ಎಲ್ಲಿದೆ? ಪ್ರಾಣಿಗಳ ಕಾಲು ಮುರಿಯದಂತೆ ಲಾರಿಗೆ ಹತ್ತಿಸುವ ಕಟ್ಟೆ ಎಲ್ಲಿದೆ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿಯೊಂದು ಈ ಉತ್ತರಗಳನ್ನು ತರಬಲ್ಲದು. ಉತ್ತರ ಕೀನ್ಯಾದ ಸಂಘಗಳಂತೆ ನಾವೂ ಜಗಳಕ್ಕೆ ಹೋಗದೆ ಒಪ್ಪಂದಕ್ಕೆ ಹೋಗೋಣ. ಕರ ತಪ್ಪಿಸುವವನಿಗೆ ಸೌಲಭ್ಯ ಕೇಳುವ ಬಾಯಿ ಇರುವುದಿಲ್ಲ.

ಏಳನೆಯದು ಸಂಘದ ಸ್ವಂತ ಲೆಕ್ಕ. ನಮ್ಮ ಸಮುದಾಯದಲ್ಲಿ ಸಂಘಗಳು ಹುಟ್ಟುವುದು ಉತ್ಸಾಹದಿಂದ, ಸಾಯುವುದು ಲೆಕ್ಕದ ಕೊರತೆಯಿಂದ. ಅಧ್ಯಕ್ಷರ ಕುರ್ಚಿ ತಂದೆಯಿಂದ ಮಗನಿಗೆ ಹೋಗುತ್ತದೆ, ಖಜಾಂಚಿಯ ಪುಸ್ತಕ ಯಾರಿಗೂ ಕಾಣಿಸುವುದಿಲ್ಲ. ಪದಾಧಿಕಾರಿಗಳ ಅವಧಿಯನ್ನು ಎರಡು ವರ್ಷಕ್ಕೆ ಸೀಮಿತಗೊಳಿಸಿರಿ. ವರ್ಷಕ್ಕೊಮ್ಮೆ ಜಮಾಖರ್ಚನ್ನು ಈ ಸಭಾಂಗಣದಲ್ಲಲ್ಲ, ಸಂತೆಯ ಮಧ್ಯದಲ್ಲಿ ನಿಂತು ಓದಿರಿ. ವಾಹನ ತಡೆದಾಗ ಯಾರಿಗೆ ಕರೆ ಮಾಡಬೇಕು, ಯಾವ ವಕೀಲರು ಬರುತ್ತಾರೆ ಎಂಬುದನ್ನು ರಸೀದಿಯ ಹಿಂಬದಿಯಲ್ಲೇ ಅಚ್ಚು ಹಾಕಿಸಿರಿ. ಒಬ್ಬೊಬ್ಬರೇ ಲಂಚ ಕೊಟ್ಟು ಬಿಡಿಸಿಕೊಳ್ಳುವ ಅಭ್ಯಾಸವನ್ನು ನಿಲ್ಲಿಸಿರಿ. ಇಂದು ನೀವು ಕೊಟ್ಟ ಸಾವಿರ ರೂಪಾಯಿ ನಾಳೆ ನಿಮ್ಮ ಹಿಂದೆ ಬರುವ ಸಹೋದರನಿಗೆ ಎರಡು ಸಾವಿರವಾಗುತ್ತದೆ.

ಒಂದು ಆಕ್ಷೇಪ

ಇಲ್ಲಿ ಕೆಲವರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ನಾನು ಊಹಿಸಬಲ್ಲೆ. ನಾವು ಹೀಗೆ ತೂಗಿ, ಬರೆದು, ಸಕಾಲಕ್ಕೆ ಹಣ ಕೊಡುತ್ತ ಕುಳಿತರೆ, ಸಂಘಕ್ಕೆ ಸೇರದವನು ದಾರಿಯಲ್ಲೇ ಅಗ್ಗಕ್ಕೆ ಕೊಂಡು ನಮಗಿಂತ ಮುಂದೆ ಹೋಗುವುದಿಲ್ಲವೇ? ಹೋಗಬಹುದು. ಮೊದಲ ಕೆಲವು ತಿಂಗಳು ನಷ್ಟವೂ ಆಗಬಹುದು. ಇದನ್ನು ನಾನು ಮರೆಮಾಚುವುದಿಲ್ಲ. ಆದರೆ ಕುರಿಗಾಹಿಗಳ ನಡುವೆ ಸುದ್ದಿ ಹರಡುವುದು ನಮಗಿಂತ ವೇಗವಾಗಿ. ಯಾವ ಸಂತೆಯಲ್ಲಿ ತೂಕವಿದೆ, ಯಾವ ಸಂತೆಯಲ್ಲಿ ಅದೇ ದಿನ ಹಣ ಸಿಗುತ್ತದೆ ಎಂಬುದು ಹಟ್ಟಿಯಿಂದ ಹಟ್ಟಿಗೆ ಮುಟ್ಟುತ್ತದೆ. ಒಳ್ಳೆಯ ಹಿಂಡುಗಳು ಅತ್ತ ತಿರುಗುತ್ತವೆ. ದಾರಿಯಲ್ಲಿ ಅಡ್ಡಗಟ್ಟುವವನಿಗೆ ಕೊನೆಗೆ ಉಳಿಯುವುದು ರೋಗದ ಕುರಿ ಮತ್ತು ಕಳವಿನ ಕುರಿ. ಕಳವಿನ ಕುರಿಯ ಜೊತೆಗೆ ಪೊಲೀಸರೂ ಬರುತ್ತಾರೆ.

ಸಹೋದರರೇ, ಬಕ್ರೀದ್ ಸಮೀಪಿಸಿದಾಗ ನಮ್ಮ ಪಟ್ಟಣಗಳ ಕುಟುಂಬಗಳು ದೊಡ್ಡ ಮೊತ್ತ ಕೊಟ್ಟು ಕುರ್ಬಾನಿಯ ಪ್ರಾಣಿಯನ್ನು ಕೊಳ್ಳುತ್ತವೆ. ಅದರ ಹಲ್ಲು ನೋಡುತ್ತಾರೆ, ಕೊಂಬು ನೋಡುತ್ತಾರೆ, ಕಿವಿ ಹರಿದಿದೆಯೇ, ಕಾಲು ಕುಂಟುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಪ್ರಾಣಿಯಲ್ಲಿ ಕುಂದಿರಬಾರದೆಂಬ ಕಾಳಜಿ ಸರಿಯಾದುದೇ. ಆದರೆ ಅದನ್ನು ಸಾಕಿದವನಿಗೆ ಹಣ ಸಂದಿದೆಯೇ ಎಂದು ಕೇಳುವವರು ಎಷ್ಟು ಮಂದಿ? ಇನ್ನು ಮುಂದೆ ಕೊಳ್ಳುವಾಗ ಸಂಘದ ರಸೀದಿಯನ್ನೂ ಕೇಳಿರಿ ಎಂದು ಮನೆಮನೆಗೂ ತಿಳಿಸೋಣ.

ನನ್ನ ಮಾತು ಮುಗಿಯಿತು. ಸಭಾಧ್ಯಕ್ಷರಲ್ಲಿ ಒಂದೇ ವಿನಂತಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ಸಂಘದ ನಿಯಮಾವಳಿಯ ಚರ್ಚೆ ಆರಂಭವಾಗಲಿದೆ. ಅದಕ್ಕೆ ಮೊದಲು ಬಾಗಿಲ ಬಳಿ ಇರುವ ಹಿರಿಯರಿಗೆ ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಡಿರಿ. ಮೊದಲು ಅವರ ಮಾತನ್ನು ಕೇಳೋಣ. ನಮ್ಮಿಂದ ಅವರಿಗೆ ಎಷ್ಟು ಬರಬೇಕಿದೆ ಎಂಬುದನ್ನು ಹೇಳಲು ಅವರಿಗೆ ಸಂಕೋಚವಾದೀತು. ಆದ್ದರಿಂದ ಆ ಪ್ರಶ್ನೆಯನ್ನು ನಾವೇ ಕೇಳೋಣ.

ನಮ್ಮ ವ್ಯಾಪಾರದಲ್ಲಿ ಅಲ್ಲಾಹನು ಬರಕತ್ ನೀಡಲಿ, ಯಾರ ಹಕ್ಕನ್ನೂ ಹೆಗಲ ಮೇಲೆ ಹೊತ್ತುಕೊಂಡು ಹೋಗುವ ಸ್ಥಿತಿ ನಮಗಾರಿಗೂ ಬಾರದಿರಲಿ.